ಉಡುಪಿಯ ಸೆಕೆಯಲ್ಲಿ ಮೈನಸ್ 40 ಡಿಗ್ರಿ: ನನ್ನ 11 ಸಾವಿರ ಹೋದ ಕತೆ

ಚೆಕ್ ಇಂಜಿನ್ ಲೈಟ್ ಉರಿದ ಕೂಡಲೇ ಯಾರಾದರೂ "ಸೆನ್ಸರ್ ಹೋಗಿದೆ, ಹೊಸದು ಹಾಕೋಣ" ಅಂದರೆ ಒಂದು ನಿಮಿಷ ತಡೆಯಿರಿ. ನಾನು ತಡೆಯಲಿಲ್ಲ.

ನನ್ನದು ಹಳೆಯ ಪೆಟ್ರೋಲ್ ಕಾರು. ದಿನಾ ಉಡುಪಿಯಿಂದ ಮಂಗಳೂರಿಗೆ ಹೆದ್ದಾರಿ 66ರಲ್ಲಿ ಓಡಾಟ. ಮಳೆಗಾಲಕ್ಕೆ ಮುಂಚೆ ವಾಟರ್ ಸರ್ವಿಸ್ ಮಾಡಿಸಿದೆ. ಬಾನೆಟ್ ಎತ್ತಿ ಇಂಜಿನ್ ಮೇಲೂ ಜೋರಾಗಿ ನೀರು ಹೊಡೆದರು. ಫಳಫಳ ಹೊಳೆಯಿತು, ನನಗೂ ಖುಷಿ. ಎರಡು ವಾರದಲ್ಲಿ ಬೆಳಗ್ಗೆ ಸ್ಟಾರ್ಟ್ ಆಗಲು ತಕರಾರು ಶುರುವಾಯಿತು. ಸ್ಟಾರ್ಟ್ ಆದರೂ ಪೆಟ್ರೋಲ್ ವಾಸನೆ, ಸೈಲೆನ್ಸರ್ ಬಾಯಲ್ಲಿ ಮಸಿ. ಲೀಟರಿಗೆ 17 ಕೊಡುತ್ತಿದ್ದದ್ದು 14ಕ್ಕೆ ಇಳಿಯಿತು. ಒಂದು ದಿನ ಪಡುಬಿದ್ರಿ ದಾಟುವಾಗ ಹಳದಿ ಚೆಕ್ ಇಂಜಿನ್ ಲೈಟೂ ಬಂತು.

ಗ್ಯಾರೇಜಿನವರು ದೋಷದ ಕೋಡ್ ಓದುವ ಸ್ಕ್ಯಾನರ್ ಮುಟ್ಟದೆಯೇ ಫ್ಯೂಯಲ್ ಪಂಪ್ ಬದಲಾಯಿಸಿದರು, 6,500. ಆಮೇಲೆ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಕ್ಲೀನಿಂಗ್, 1,500. ಮೂರನೇ ಸಲ ಹೋದಾಗ ಸ್ಕ್ಯಾನ್ ಮಾಡಿದರು. ಪಿ0113 ಎಂಬ ಕೋಡ್ ಬಂತು, ಅಂದರೆ ಇಂಜಿನ್ ಎಳೆದುಕೊಳ್ಳುವ ಗಾಳಿಯ ಉಷ್ಣಾಂಶ ಅಳೆಯುವ ಸರ್ಕ್ಯೂಟಿನ ದೋಷ. ಹೊಸ ಸೆನ್ಸರ್ ಹಾಕಿದರು, 2,800. ನಾಲ್ಕು ದಿನ ಕಾರು ಸುಖವಾಗಿತ್ತು. ಐದನೇ ದಿನ ಮತ್ತೆ ಅದೇ ಲೈಟ್. "ಇಸಿಯು ಹೋಗಿದೆ ಮಾರಾಯ್ರೆ, 25 ಸಾವಿರ ಆದೀತು" ಅಂದರು. ಇಸಿಯು ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್.

ಅಷ್ಟರಲ್ಲಿ ಕಟಪಾಡಿಯ ಭಾವ ಮನೆಗೆ ಬಂದರು. ಅವರಿಗೆ ವಯರಿಂಗ್ ಕೆಲಸ ಗೊತ್ತು. "ಕೋಡ್ ಓದಿದ್ದಾರೆ, ಸರಿ. ರೀಡಿಂಗ್ ನೋಡಿದ್ದಾರಾ ಭಾವ?" ಅಂತ ಕೇಳಿದರು. ಮರುದಿನ ಬೆಳಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ತಿರುಗಿಸಿ, ತಮ್ಮ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದರು. ರಾತ್ರಿಯಿಡೀ ನಿಂತ ಕಾರಿನಲ್ಲಿ ಇಂಜಿನ್ ತಣಿಸುವ ಕೂಲೆಂಟ್ ದ್ರವ ಮತ್ತು ಗಾಳಿ, ಎರಡರ ಉಷ್ಣಾಂಶದ ರೀಡಿಂಗೂ ಹೆಚ್ಚುಕಡಿಮೆ ಒಂದೇ ಇರಬೇಕು. ನಮ್ಮದರಲ್ಲಿ ಕೂಲೆಂಟ್ 27, ಗಾಳಿ ಮೈನಸ್ 40! ನಾವಿಬ್ಬರೂ ಬನಿಯನ್‌ನಲ್ಲಿ ಬೆವರುತ್ತಾ ನಿಂತಿದ್ದೆವು.

ಸಂಗತಿ ಇಷ್ಟೇ. ಈ ಸೆನ್ಸರ್ ತಣ್ಣಗಾದಷ್ಟೂ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಜಾಸ್ತಿಯಾಗುತ್ತದೆ. ಸಂಪರ್ಕವೇ ತಪ್ಪಿದರೆ ಕಂಪ್ಯೂಟರಿಗೆ ಅದು ಕೊರೆಯುವ ಚಳಿಯಂತೆ ಕಾಣುತ್ತದೆ. ಚಳಿಯ ಗಾಳಿ ದಟ್ಟ, ಹಾಗಾಗಿ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಇಂಜಿನ್ ಬಿಸಿಯಾದ ಮೇಲೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಸ್ವಲ್ಪ ಸರಿದೂಗಿಸುತ್ತದೆ. ಬೆಳಗಿನ ಹೊತ್ತೇ ಕಾಟ ಜಾಸ್ತಿ ಇದ್ದದ್ದು ಅದಕ್ಕೇ.

ಭಾವ ಸೆನ್ಸರಿಗೆ ವಯರು ಸೇರಿಸುವ ಕನೆಕ್ಟರ್ ಬಿಚ್ಚಿ, ವಯರಿನ ಕಡೆಯ ಉಷ್ಣಾಂಶದ ಎರಡು ತುದಿಗಳನ್ನು ತುಂಡು ವಯರಿನಿಂದ ಸೇರಿಸಿದರು. ರೆಸಿಸ್ಟೆನ್ಸ್ ಇಲ್ಲದಾಗಿ ರೀಡಿಂಗ್ ಒಮ್ಮೆಲೇ ನೂರು ದಾಟಿತು. ಅಂದರೆ ಇಸಿಯು ಸರಿ ಇದೆ, ವಯರೂ ಸರಿ ಇದೆ. 25 ಸಾವಿರ ಅಲ್ಲೇ ಉಳಿಯಿತು. ಇದನ್ನು ಗೊತ್ತಿಲ್ಲದೆ ಮಾಡಲು ಹೋಗಬೇಡಿ. ನಾಲ್ಕು ಪಿನ್ನಿನ ಸೆನ್ಸರಿನಲ್ಲಿ 5 ವೋಲ್ಟ್ ಸಪ್ಲೈ ಪಿನ್ನೂ ಇರುತ್ತದೆ, ತಪ್ಪು ಜೋಡಿ ಸೇರಿಸಿದರೆ ಬೇರೆ ಸೆನ್ಸರುಗಳೂ ಸತ್ತಂತಾಗುತ್ತವೆ. ಸರ್ಕ್ಯೂಟ್ ಚಿತ್ರ ನೋಡಿ ಮಾಡುವ ಕೆಲಸ ಅದು.

ಆಮೇಲೆ ರೆಸಿಸ್ಟೆನ್ಸ್ ಅಳೆಯಲು ಮಲ್ಟಿಮೀಟರ್ ಹಿಡಿದರು. ಹೊಸ ಸೆನ್ಸರ್ ಸುಮಾರು 2 ಕಿಲೋ ಓಮ್ ತೋರಿಸಿತು, ಅಂದರೆ ಸರಿ ಇದೆ. ಹಳೆಯದೂ ಅಷ್ಟೇ! ಅದನ್ನು ಸುಮ್ನೆ ಬದಲಾಯಿಸಿದ್ದು. ಟಾರ್ಚ್ ಹಾಕಿ ನೋಡಿದರೆ ಕನೆಕ್ಟರಿನೊಳಗೆ ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು, ನೀರು ತಡೆಯುವ ರಬ್ಬರ್ ಸೀಲ್ ಇರಲೇ ಇಲ್ಲ. ಇಂಜಿನ್ ತೊಳೆದ ನೀರು ಒಳಗೆ ನಿಂತಿತ್ತು, ಮೇಲೆ ನಮ್ಮ ಕಡಲ ಕರೆಯ ಉಪ್ಪು ಗಾಳಿ, ಕೇಳಬೇಕೇ. ಸೆನ್ಸರ್ ಬದಲಾಯಿಸುವಾಗ ಕನೆಕ್ಟರ್ ಕಿತ್ತು ಹಾಕಿದ್ದರಿಂದ ಪಿನ್ ಸ್ವಲ್ಪ ಉಜ್ಜಿಕೊಂಡು ನಾಲ್ಕು ದಿನ ನಡೆದಿತ್ತು, ಅಷ್ಟೇ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಪಿನ್ ಬಿಗಿ ಮಾಡಿ, ಹೊಸ ಸೀಲ್ ಕೂರಿಸಿದರು. ಮುನ್ನೂರು ರೂಪಾಯಿಯೂ ಆಗಲಿಲ್ಲ. ರೀಡಿಂಗ್ 28ಕ್ಕೆ ಬಂತು.

ಹಾಗಾಗಿ ಈ ಕೋಡ್ ಬಂದರೆ ಮೊದಲು ಲೈವ್ ರೀಡಿಂಗ್ ತೋರಿಸಿ ಅನ್ನಿ, ಕನೆಕ್ಟರ್ ನಿಮ್ಮೆದುರೇ ಬಿಚ್ಚಿಸಿ. ಟ್ರಾಫಿಕ್ಕಿನಲ್ಲಿ ನಿಂತಾಗ ಗಾಳಿ 50 ಡಿಗ್ರಿ ತೋರಿಸಿದರೆ ಹೆದರಬೇಡಿ, ಬಾನೆಟ್ ಒಳಗಿನ ಬಿಸಿ ಅದು. ತೆಗೆದ ಹಳೆಯ ಪಾರ್ಟ್ ಕೇಳಿ ಪಡೆಯಿರಿ.

ನನ್ನ ಹಳೆಯ ಫ್ಯೂಯಲ್ ಪಂಪ್ ಈಗ ಡಿಕ್ಕಿಯಲ್ಲೇ ಉಂಟು. ಭಾವ ಬ್ಯಾಟರಿ ಕೊಟ್ಟು ನೋಡಿದರು, ಚೆನ್ನಾಗಿಯೇ ತಿರುಗುತ್ತದೆ.