ಟ್ಯೂಬಾಗೆ ಮ್ಯೂಟ್ ತಗೊಳೋರು ಮೊದ್ಲು ಕಾರ್ಕ್ ನೋಡಿ, ಬ್ರ್ಯಾಂಡ್ ಆಮೇಲೆ

ಇಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಲ್ಲಿ ಒಂದು ಬ್ರಾಸ್ ಬ್ಯಾಂಡಲ್ಲಿ (ಹಿತ್ತಾಳೆ ವಾದ್ಯಗಳ ತಂಡ) ಇ ಫ್ಲಾಟ್ ಟ್ಯೂಬಾ ಊದ್ತೀನಿ, ಅಂದ್ರೆ ಮಂದ್ರ ಸ್ವರದ ದೊಡ್ಡ ವಾದ್ಯ. ಮ್ಯೂಟ್ ಅಂದ್ರೆ ವಾದ್ಯದ ಬೆಲ್ಲಿನೊಳಗೆ, ಅಂದ್ರೆ ಅಗಲ ಬಾಯೊಳಗೆ, ಕೂರಿಸಿ ನಾದ ಬದಲಾಯಿಸೋ ಸಾಧನ. ಹಳೇ ಮಾರ್ಚ್‌ಗಳಲ್ಲಿ ಟ್ಯೂಬಾದವ್ರಿಗೆ ಮ್ಯೂಟಿನ ತಲೆನೋವೇ ಇರಲ್ಲ, ಕಾರ್ನೆಟ್‌ನೋರು ಟ್ರೊಂಬೋನ್‌ನೋರು ಹಾಕೋದು ತೆಗೆಯೋದು ಅಂತ ಒದ್ದಾಡ್ತಿದ್ರೆ ನಾವು ಹಿಂದೆ ಆರಾಮಾಗಿ ಕೂತಿರ್ತೀವಿ. ಈಗಿನ ಕಾಂಪಿಟಿಷನ್ ಪೀಸುಗಳಲ್ಲಿ ಹಾಗಲ್ಲ, ನಮ್ಮ ಪಾರ್ಟಲ್ಲೂ ಮ್ಯೂಟ್ ಹಾಕಿ ಅಂತ ಬರೆದಿರ್ತಾರೆ. ಆರ್ಕೆಸ್ಟ್ರಾದಲ್ಲಂತೂ ಇದು ಹೊಸದೇನಲ್ಲ, ರಿಚರ್ಡ್ ಸ್ಟ್ರಾಸ್‌ನ ಡಾನ್ ಕ್ವಿಕ್ಸೋಟ್ 1898ರಲ್ಲಿ ಮೊದಲ ಸಲ ನುಡಿಸಿದ್ದು, ಅದರಲ್ಲೇ ಟ್ಯೂಬಾಗೂ ಮ್ಯೂಟ್ ಇದೆ. ಹಂಗಾಗಿ ಒಂದು ಬೇಕೇ ಬೇಕಾಯ್ತು, ಅಲ್ಲಿ ಇಲ್ಲಿ ಸಾಲ ತಗೊಂಡು, ಅಂಗಡೀಲಿ ಕೂತು ಊದಿ ನೋಡಿ ತಿಳಿದಿದ್ದು ಬರೀತಿದೀನಿ.

ಮೊದ್ಲೇ ಒಂದು ಕ್ಲಿಯರ್ ಮಾಡ್ಬಿಡ್ತೀನಿ. ಸ್ಟ್ರೈಟ್ ಮ್ಯೂಟ್ ಬೇರೆ, ಪ್ರಾಕ್ಟೀಸ್ ಮ್ಯೂಟ್ ಬೇರೆ. ಸ್ಟ್ರೈಟ್ ಮ್ಯೂಟಲ್ಲಿ ಪಕ್ಕದಲ್ಲಿ ಕಾರ್ಕ್ ಪಟ್ಟಿಗಳು ಅಂಟಿಸಿರ್ತಾರೆ, ಪಟ್ಟಿಗಳ ಮಧ್ಯದ ಸಂದಿಯಿಂದ ಗಾಳಿ ಹೊರಗೆ ಬರತ್ತೆ, ಸೌಂಡ್ ಕಮ್ಮಿ ಆಗೋದಕ್ಕಿಂತ ಸೌಂಡಿನ ಬಣ್ಣ ಬದಲಾಗತ್ತೆ. ಪ್ರಾಕ್ಟೀಸ್ ಮ್ಯೂಟ್ ಮನೇಲಿ ಸದ್ದು ಕಮ್ಮಿ ಮಾಡಿ ಊದೋಕೆ, ಸುತ್ತಲೂ ಸೀಲ್ ಆಗಿ ಕೂರತ್ತೆ, ಗಾಳಿಗೆ ಸಣ್ಣ ತೂತು ಅಷ್ಟೇ. ಎರಡಕ್ಕೂ ಒಂದೇ ಸಾಕು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಎಲ್ರೂ ಕೇಳೋ ಮೊದಲ ಪ್ರಶ್ನೆ ನಿಮ್ಮ ಬೆಲ್ ಎಷ್ಟು ಇಂಚು ಅಂತ. ಬೆಸ್ಸನ್ ಕಂಪನಿಯ 982 ಮಾಡೆಲ್‌ಗೆ 17 ಇಂಚು, 981ಕ್ಕೆ 19, ಎರಡೂ ಇ ಫ್ಲಾಟೇ. ಆದ್ರೆ ಮ್ಯೂಟ್ ಕೂರೋದು ಬೆಲ್ಲಿನ ಅಂಚಲ್ಲಲ್ಲ, ಒಳಗೆ ಗಂಟಲ ಹತ್ರ. ಅಲ್ಲಿ ಟ್ಯೂಬ್ ಎಷ್ಟು ಬೇಗ ಅಗಲ ಆಗತ್ತೆ ಅನ್ನೋದ್ರ ಮೇಲೆ ಮ್ಯೂಟ್ ಎಷ್ಟು ಆಳಕ್ಕೆ ಇಳಿಯತ್ತೆ ಅಂತ ನಿರ್ಧಾರ ಆಗತ್ತೆ, ಅದೇ ಇಡೀ ಕಥೆ. ತುಂಬಾ ಮೇಲೆ ನಿಂತ್ರೆ ಸಂದಿ ಜಾಸ್ತಿ, ಮ್ಯೂಟ್ ಹಾಕಿದ್ರೂ ಹಾಕಿದಂಗೇ ಅನ್ಸಲ್ಲ. ತುಂಬಾ ಕೆಳಗೆ ಇಳಿದ್ರೆ ಸಂದಿ ಮುಚ್ಚಿ, ನಾಲ್ಕನೇ ವಾಲ್ವ್ ಒತ್ತಿ ಇಳಿಯೋ ತೀರಾ ಕೆಳಗಿನ ನೋಟ್ಸ್ ಉಸಿರು ಕಟ್ಟಿದಂಗೆ ಆಗತ್ತೆ, ಕೆಲವು ಮಾತಾಡೋದೇ ಇಲ್ಲ. ಅದಕ್ಕೇ ಆನ್‌ಲೈನಲ್ಲಿ ಫೋಟೋ ನೋಡಿ ಆರ್ಡರ್ ಮಾಡೋ ವಸ್ತು ಅಲ್ಲ ಇದು, ಭಾರ ಆದ್ರೂ ಪರ್ವಾಗಿಲ್ಲ ಟ್ಯೂಬಾ ಹೊತ್ಕೊಂಡು ಅಂಗಡಿಗೆ ಹೋಗಿ.

ಹೋದಾಗ ಒಂದು ಪೇಪರ್ ಚೂರು, ಟ್ಯೂನರ್ ಆ್ಯಪ್ ಎರಡೂ ಇರ್ಲಿ. ಮ್ಯೂಟ್ ಇಳಿಸಿ ಒಂಚೂರು ತಿರುಗಿಸಿ ಕೂರಿಸಿ, ಆಮೇಲೆ ಒಂದೊಂದು ಕಾರ್ಕಿಗೂ ಬೆಲ್ಲಿಗೂ ಮಧ್ಯೆ ಪೇಪರ್ ತೂರಿಸಿ ನೋಡಿ. ಯಾವುದಾದ್ರೂ ಒಂದು ಕಡೆ ಸಲೀಸಾಗಿ ಒಳಗೆ ಹೋದ್ರೆ ಆ ಕಾರ್ಕ್ ಮುಟ್ತಾನೇ ಇಲ್ಲ ಅಂತ, ಜೋರಾಗಿ ಊದಿದಾಗ ಗರಗರ ಅನ್ನೋದು ಅಲ್ಲಿಂದ್ಲೇ. ಮಿಕ್ಕ ಕಾರ್ಕ್‌ಗಳನ್ನ ಮರಳು ಕಾಗದದಲ್ಲಿ ಉಜ್ಜಿ ಸರಿ ಮಾಡ್ಬೇಕು, ಸ್ವಲ್ಪ ಸ್ವಲ್ಪವೇ, ಯಾಕಂದ್ರೆ ಉಜ್ಜಿ ಹೋದ ಕಾರ್ಕ್ ವಾಪಸ್ ಬರಲ್ಲ. ನಾನು ಹೋದ ಅಂಗಡಿಯವ್ರು ದುಡ್ಡು ತಗೊಳ್ದೆ ಅವ್ರೇ ಉಜ್ಜಿ, ನನ್ನ ಕೈಲಿ ಊದಿಸಿ, ಮತ್ತೆ ಉಜ್ಜಿ ಕೊಟ್ರು, ಪುಣ್ಯಾತ್ಮರು.

ಪಿಚ್ ವಿಷಯ. ಮ್ಯೂಟ್ ಹಾಕಿದ ತಕ್ಷಣ ಸಾಮಾನ್ಯವಾಗಿ ಶ್ರುತಿ ಏರತ್ತೆ. ಎಲ್ಲಾ ನೋಟೂ ಒಂದೇ ಸಮ ಏರಿದ್ರೆ ಸ್ಲೈಡ್ (ಕೊಳವೆ ಉದ್ದ ಮಾಡೋ ಭಾಗ) ಎಳೆದು ಸರಿ ಮಾಡ್ಕೋಬೋದು ಅಂತ ಪುಸ್ತಕದ ಮಾತು, ಆದ್ರೆ ಎರಡು ಬಾರ್ ಗ್ಯಾಪಲ್ಲಿ, ಅಂದ್ರೆ ಕೆಲವೇ ಸೆಕೆಂಡಲ್ಲಿ, ನೆಲದಿಂದ ಮ್ಯೂಟ್ ಎತ್ತಿ, ತಲೆ ಮೇಲಿರೋ ಬೆಲ್ಲಿಗೆ ಶಬ್ದ ಆಗ್ದಂಗೆ ಇಳಿಸಿ, ಸ್ಲೈಡೂ ಎಳೆಯಕ್ಕೆ ನಮಗೇನು ನಾಲ್ಕು ಕೈ ಇದ್ಯಾ? ಸ್ಲೈಡ್ ಮುಟ್ಟದೇ ಟ್ಯೂನರಲ್ಲಿ ಹತ್ತಿರ ಬರೋದನ್ನೇ ಆರಿಸಿ. ಮೇಲಿಂದ ಕೆಳಗಿನ ತನಕ ಒಂದೊಂದೇ ಸ್ವರ ಇಳೀರಿ, ಕೆಟ್ಟ ಮ್ಯೂಟ್ ಎಲ್ಲೋ ಒಂದು ನೋಟಲ್ಲಿ ಸಿಕ್ಕಿಬೀಳತ್ತೆ.

ಇನ್ನು ಯಾವುದು ಅಂದ್ರೆ, ಡೆನಿಸ್ ವಿಕ್ ಅನ್ನೋರ ಹೆಸರಿನ ಬ್ರ್ಯಾಂಡಿನ ಅಲ್ಯೂಮಿನಿಯಮ್ ಮ್ಯೂಟ್ ನನಗೆ ಹಿಡಿಸ್ತು. ಆ ಮನುಷ್ಯ ಸ್ವತಃ ಲಂಡನ್ ಸಿಂಫನಿ ಆರ್ಕೆಸ್ಟ್ರಾದಲ್ಲಿ 1957ರಿಂದ 1988ರ ತನಕ ಟ್ರೊಂಬೋನ್ ಪ್ರಿನ್ಸಿಪಲ್ ಆಗಿದ್ದವ್ರು. ಜೋರಾಗಿ ಊದಿದ್ರೆ ಸೌಂಡಿಗೆ ಒಂದು ಚೂಪು ಬರತ್ತೆ, ಇಪ್ಪತ್ತೈದು ಮೂವತ್ತು ಜನ ಬ್ರಾಸ್ ಊದ್ತಿರೋವಾಗ ಆ ಚೂಪು ಬೇಕು. ಹ್ಯೂಮ್ಸ್ ಆ್ಯಂಡ್ ಬರ್ಗ್‌ ಕಂಪನಿಯೋರ ಫೈಬರ್ ಮ್ಯೂಟ್ ಹಗುರ, ಮೆತ್ತಗಿನ ಸೌಂಡು, ಆರ್ಕೆಸ್ಟ್ರಾದಲ್ಲಿ ಮೆಲ್ಲಗಿನ ಕಾರ್ಡ್‌ಗಳಿಗೆ ನಾನಾದ್ರೆ ಅದನ್ನೇ ತಗೋತೀನಿ. ಮರದ್ದೂ ಒಂದು ಊದಿದೆ, ಎಲ್ಲಕ್ಕಿಂತ ದುಂಡಗಿನ ನಾದ, ರೇಟ್ ಕೇಳಿ ಮೆಲ್ಲಗೆ ವಾಪಸ್ ಇಟ್ಟೆ. ಹೆಸರಿಲ್ಲದ ಚೀಪ್ ಒಂದು ಫ್ರೆಂಡ್ ತರಿಸಿದ್ರು, ರಿಹರ್ಸಲ್ ಮಧ್ಯೆ ಕಾರ್ಕಿನ ಗೋಂದು ಬಿಟ್ಟು ಪಟ್ಟಿ ಬೆಲ್ಲಿನೊಳಗೆ ಬಿತ್ತು, ಟ್ಯೂಬಾ ತಲೆಕೆಳಗೆ ಮಾಡಿ ಅಲ್ಲಾಡಿಸೋ ಸೀನ್ ನೋಡಿ ಕಾರ್ನೆಟ್‌ನೋರಿಗೆ ಒಳ್ಳೇ ಮಜಾ. ಒಳ್ಳೇದು ಬೇಕಂದ್ರೆ ನೂರು ಪೌಂಡ್ ದಾಟೇ ದಾಟತ್ತೆ, ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೆ ಕಾರ್ಕ್ ಎಷ್ಟು ಸವೆದಿದೆ ಅಂತ ನೋಡಿ ತಗೊಳ್ಳಿ, ಹೊಸ ಕಾರ್ಕ್ ಅಂಟಿಸೋದು ದೊಡ್ಡ ಖರ್ಚಲ್ಲ.

ಪ್ರಾಕ್ಟೀಸ್‌ಗೆ ಯಮಹಾ ಸೈಲೆಂಟ್ ಬ್ರಾಸ್ ಇದೆ, ಮ್ಯೂಟ್ ಒಳಗೇ ಮೈಕ್, ಹೆಡ್‌ಫೋನಲ್ಲಿ ಹಾಲ್‌ನಲ್ಲಿ ಊದಿದಂಗೆ ಕೇಳತ್ತೆ. ಗೋಡೆ ಹಂಚ್ಕೊಂಡಿರೋ ಮನೇಲಿ ರಾತ್ರಿ ಒಂಬತ್ತರ ಮೇಲೆ ಊದೋ ಆಸೆ ಇದ್ರೆ ಇದೇ ಗತಿ. ಆದ್ರೆ ದಿನಾ ಇದನ್ನೇ ಹಾಕಿ ಊದ್ಬೇಡಿ, ಗಾಳಿಗೆ ತಡೆ ಜಾಸ್ತಿ, ಅದಕ್ಕೇ ಒಗ್ಗಿಹೋದ್ರೆ ಮ್ಯೂಟ್ ತೆಗೆದ ದಿನ ಬಾಯಿ ಉಸಿರು ಎರಡೂ ಹದ ತಪ್ಪತ್ತೆ.

ಊರಿನ ಕಡೆ ಬ್ಯಾಂಡಲ್ಲಿ ಸೂಸಾಫೋನ್ (ಮೈಗೆ ಸುತ್ತಿಕೊಂಡು ಊದೋ ಟ್ಯೂಬಾ) ಊದೋ ಹುಡುಗ್ರಿಗೆ ಒಂದು ಮಾತು, ಮೀರತ್‌ನಿಂದ ತರಿಸಿರೋ ಸೂಸಾಫೋನಿಗೆ ಈ ಮ್ಯೂಟ್ ತಗೋಬೇಡಿ. ಟ್ಯೂಬಾದಲ್ಲಿ ಬೆಲ್ ಆಕಾಶ ನೋಡತ್ತೆ, ಮ್ಯೂಟ್ ತನ್ನ ಭಾರಕ್ಕೇ ಕೂತಿರತ್ತೆ. ಸೂಸಾಫೋನ್ ಬೆಲ್ ಮುಂದೆ ನೋಡತ್ತೆ, ನಾಲ್ಕು ಹೆಜ್ಜೆ ಮಾರ್ಚ್ ಮಾಡಿದ್ರೆ ಮುಂದಿನವನ ಬೆನ್ನಿಗೆ ಬೀಳತ್ತೆ.