ರಾಯಚೂರಿನ ಆನಾಪಾನ ತರಗತಿ: ಕಲಿಸುವುದು ಚೆನ್ನ, ಕೂರಿಸುವುದು ಅಷ್ಟಕ್ಕಷ್ಟೆ

ರಾಯಚೂರಿನ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಪ್ರತಿ ಭಾನುವಾರ ಸಂಜೆ ಬೌದ್ಧ ಪದ್ಧತಿಯ ಧ್ಯಾನ ತರಗತಿ ನಡೆಯುತ್ತಿದೆ. ಶುಲ್ಕವಿಲ್ಲ, ಇಷ್ಟವಿದ್ದವರು ಬಾಗಿಲ ಬಳಿಯ ಡಬ್ಬಿಗೆ ಕಾಣಿಕೆ ಹಾಕಬಹುದು. ಸಾಲಾಗಿ ಹತ್ತು ದಿನ ರಜೆ ಹಾಕಿ ಮೌನದ ವಿಪಶ್ಯನ ಶಿಬಿರಕ್ಕೆ ಹೋಗಲಾಗದ, ಹತ್ತಿ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ನನ್ನಂಥವರಿಗೂ, ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಮೇಲೆ ದುಡಿಯುವವರಿಗೂ ಇದು ಕೈಗೆಟುಕುವ ವ್ಯವಸ್ಥೆ.

ಇಲ್ಲಿ ಮೊದಲು ಹೇಳಿಕೊಡುವುದು ಆನಾಪಾನ, ಅಂದರೆ ಒಳಗೆ ಬರುವ, ಹೊರಗೆ ಹೋಗುವ ಉಸಿರನ್ನು ಗಮನಿಸುವುದು. ಪ್ರಾಣಾಯಾಮದಂತೆ ಉಸಿರನ್ನು ಹಿಡಿಯುವುದಾಗಲಿ ಎಣಿಸಿ ಬಿಡುವುದಾಗಲಿ ಇದರಲ್ಲಿಲ್ಲ. ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ ಆನಾಪಾನಸತಿ ಸುತ್ತ ಎಂಬ ಉಪದೇಶದಲ್ಲಿರುವಂತೆ, ಉಸಿರು ದೀರ್ಘವಾಗಿದ್ದರೆ ದೀರ್ಘವೆಂದೂ ಗಿಡ್ಡವಾಗಿದ್ದರೆ ಗಿಡ್ಡವೆಂದೂ ತಿಳಿಯುತ್ತಿರಬೇಕು, ಅಷ್ಟೆ. ಮನಸ್ಸು ಹೊರಗೆ ಹೋದದ್ದು ಗೊತ್ತಾದ ಕೂಡಲೇ ತನ್ನನ್ನು ತಾನು ಬೈದುಕೊಳ್ಳದೆ ಮೂಗಿನ ತುದಿಗೆ ಮರಳಬೇಕು. ಕಣ್ಣು ಮುಚ್ಚಿದರೆ ಮನಸ್ಸು ಖಾಲಿಯಾಗುತ್ತದೆಂದು ನಂಬಿ ಬಂದವರ ಭ್ರಮೆಯನ್ನು ಶಿಕ್ಷಕರು ಮೊದಲ ದಿನವೇ ಬಿಡಿಸುತ್ತಾರೆ.

ಆದರೆ ತರಗತಿಯ ನಿಜವಾದ ಬೆಲೆ ತಿಳಿಯುವುದು ವೇದನೆಯ ಪಾಠಕ್ಕೆ ಬಂದಾಗ. ಬೌದ್ಧರು ವೇದನೆ ಎನ್ನುವುದು ಬರೀ ನೋವನ್ನಲ್ಲ. ಸುಖ, ದುಃಖ, ಎರಡೂ ಅಲ್ಲದ್ದು, ಹೀಗೆ ಮೂರು ಬಗೆಯ ಅನುಭವವನ್ನೂ. ಅಹಿತವಾದದ್ದು ತಟ್ಟಿದೊಡನೆ ಸಿಟ್ಟೂ, ಹಿತವಾದದ್ದು ತಟ್ಟಿದೊಡನೆ ಆಸೆಯೂ ಹಿಂದೆಯೇ ಬರುತ್ತವೆ. ತಟ್ಟಿದ್ದನ್ನು ತಟ್ಟಿದಂತೆಯೇ ಗಮನಿಸಿದರೆ ಆ ಹಿಂಬಾಲಿಕೆ ಸಡಿಲಗೊಳ್ಳುತ್ತದೆ ಎಂಬುದು ಇದರ ತಿರುಳು. ತೂಕದಲ್ಲಿ ಏಕೆ ಕಡಿತ ಮಾಡಿದಿರಿ ಎಂದು ರೈತರು ಏರುದನಿಯಲ್ಲಿ ಕೇಳುವಾಗ, ಎದೆ ಬಿಸಿಯಾಗುವುದು ಮೊದಲು ನನ್ನ ಗಮನಕ್ಕೆ ಬಂದು, ಉತ್ತರ ಆಮೇಲೆ ಬಾಯಿಗೆ ಬರುವಷ್ಟು ಅಂತರ ಈಗ ಸಿಗುತ್ತಿದೆ. ಸಿಟ್ಟೇ ಬರುವುದಿಲ್ಲವೆಂದು ಹೇಳಿದರೆ ಸುಳ್ಳಾದೀತು. ನಮ್ಮದೇ ತಪ್ಪಿದ್ದಲ್ಲಿ ಒಪ್ಪಿಕೊಳ್ಳುವುದು ಮಾತ್ರ ಸುಲಭವಾಗಿದೆ.

ಇದೆಲ್ಲ ಭಿಕ್ಷುಗಳಿಗೆ ಸರಿ, ಸಂಸಾರಸ್ಥರಿಗೆ ಏಕೆ ಎನ್ನುವವರು ನಮ್ಮ ಜಿಲ್ಲೆಯ ಮಸ್ಕಿಗೆ ಹೋಗಿ ಬರಬೇಕು. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೊತ್ತ ಅಲ್ಲಿನ ಶಾಸನ, ಧಮ್ಮದಲ್ಲಿ ತೊಡಗಿದರೆ ಇದು ಸಣ್ಣವರಿಗೂ ಸಾಧ್ಯ, ದೊಡ್ಡವರಿಗಷ್ಟೇ ಎಂದು ತಿಳಿಯಬಾರದು ಎನ್ನುತ್ತದೆ. ಜಿಲ್ಲೆಯಲ್ಲೇ ಇರುವ ಈ ಮಾತು ತರಗತಿಯಲ್ಲಿ ಪ್ರಸ್ತಾಪವಾಗದಿರುವುದು ನನಗೆ ಸೋಜಿಗ.

ಕೊರತೆಗಳೂ ಇವೆ. ತೆಳ್ಳನೆಯ ಜಮಖಾನೆಯ ಮೇಲೆ ಎಲ್ಲರೂ ಚಕ್ಕಂಬಕ್ಕಳ ಹಾಕಲೇಬೇಕೆಂಬ ಹಟ ಅನಗತ್ಯ. ಮಂಡಿನೋವಿನ ಹಿರಿಯರಿಗೆ ಕುರ್ಚಿ ಕೊಟ್ಟರೆ ಧ್ಯಾನವೇನೂ ಕೆಡುವುದಿಲ್ಲ. ಪ್ರವಚನ ಉದ್ದ, ಕೂರುವ ಹೊತ್ತು ಕಡಿಮೆ. ಕೊನೆಯಲ್ಲಿ ಮಾಡಿಸುವ, ಎಲ್ಲ ಜೀವಿಗಳಿಗೂ ಒಳಿತನ್ನು ಹಾರೈಸುವ ಮೈತ್ರಿ ಭಾವನೆಯನ್ನಂತೂ, ಎಲ್ಲರಿಗೂ ಚಪ್ಪಲಿಯ ಚಿಂತೆ ಹತ್ತಿರುವ ಹೊತ್ತಿನಲ್ಲಿ ಓಡಿಸಿಬಿಡುತ್ತಾರೆ. ಖಿನ್ನತೆ, ಗಾಬರಿಯಂಥ ತೊಂದರೆಗೆ ಔಷಧಿ ಪಡೆಯುತ್ತಿರುವವರು ವೈದ್ಯರನ್ನು ಕೇಳಿಯೇ ಬರಬೇಕೆಂಬ ಸೂಚನೆಯನ್ನು ಬಾಯಲ್ಲಿ ಹೇಳಿದರೆ ಸಾಲದು, ಬಾಗಿಲಿಗೆ ಬರೆದು ಹಾಕಬೇಕು.

ಹೊಸದಾಗಿ ಸೇರುವವರು ಮಳೆಗಾಲದ ನಂತರ ಸೇರುವುದು ಮೇಲು. ಬೇಸಿಗೆಯ ಸಂಜೆ ಆ ಭವನದ ಗೋಡೆಗಳ ಕಾವು ಇಳಿದಿರುವುದಿಲ್ಲ; ಏಪ್ರಿಲ್, ಮೇ ತಿಂಗಳಲ್ಲಾದರೂ ತರಗತಿಯನ್ನು ಬೆಳಿಗ್ಗೆಗೆ ಬದಲಿಸಿ ಎಂದು ಕೇಳಿದ್ದೇವೆ, ಉತ್ತರ ಇನ್ನೂ ಬಂದಿಲ್ಲ.