ಸ್ಪೈಡರ್ಕೊ ಡೆಲಿಕಾ 4: ಡಬ್ಬ ಬಿಚ್ಚೋಕೆ ಸರಿ, ಆತ್ಮರಕ್ಷಣೆಗೆ?

ಡೆಲಿಕಾ 4 ಎಂಬ ಈ ಮಡಚುವ ಚಾಕು ಹಲವು ವರ್ಷಗಳಿಂದ ನನ್ನ ಬಲಗಡೆ ಜೇಬಿನಲ್ಲಿದೆ. ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್ ಪಕ್ಕ ಒಂದು ಇಂಡಿಯನ್ ಗ್ರೋಸರಿ ಅಂಗಡಿಯಲ್ಲಿ ನನ್ನ ಕೆಲಸ. ಬೆಳಗ್ಗೆಯಿಂದ ರಾತ್ರಿವರೆಗೆ ಕತ್ತರಿಸುವುದೇ ಕತ್ತರಿಸುವುದು. ರಟ್ಟಿನ ಡಬ್ಬ, ಪ್ಯಾಲೆಟ್‌ಗೆ (ಸಾಮಾನು ಪೇರಿಸುವ ಮರದ ಚೌಕಟ್ಟು) ಸುತ್ತಿದ ಪ್ಲಾಸ್ಟಿಕ್, ಅಕ್ಕಿ ಚೀಲದ ಹೊಲಿಗೆ, ಕರಿಬೇವಿನ ಕಟ್ಟು. ಚಾಕುವಿನ ಒಳ್ಳೆಯದು ಕೆಟ್ಟದ್ದು ಎರಡೂ ಗೊತ್ತಾಗುವಷ್ಟು ಬಳಸಿದ್ದೇನೆ.

ಬರೆಯಲು ಕೂತ ಕಾರಣ ಮಾತ್ರ ಬೇರೆ. ರಿಚರ್ಡ್‌ಸನ್, ಆರ್ಲಿಂಗ್ಟನ್ ಕಡೆ ಓದಲು ಬಂದ ನಮ್ಮ ಹುಡುಗ ಹುಡುಗಿಯರು ಅಂಗಡಿಗೆ ಬರುತ್ತಾರೆ. ನಾನು ಡಬ್ಬ ಬಿಚ್ಚುವುದನ್ನು ನೋಡಿ, "ಅಣ್ಣಾ, ಸೆಲ್ಫ್ ಡಿಫೆನ್ಸ್‌ಗೆ ಇಂಥದ್ದೇ ಒಂದು ತಗೊಳ್ಳಲಾ?" ಎಂದು ಕೇಳುತ್ತಾರೆ. ಬಿಲ್ ಮಾಡುತ್ತಾ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಇಷ್ಟುದ್ದ.

ಮೊದಲು ಚಾಕುವಿನ ಮಾತು. ಸ್ಪೈಡರ್ಕೊ ಕೊಲೊರಾಡೊ ರಾಜ್ಯದ ಗೋಲ್ಡನ್ ಎಂಬ ಊರಿನ ಕಂಪನಿ. ಡೆಲಿಕಾ ತಯಾರಾಗುವುದು ಜಪಾನಿನ ಸೆಕಿಯಲ್ಲಿ. ಕತ್ತಿ, ಚಾಕುಗಳಿಗೆ ನೂರಾರು ವರ್ಷಗಳಿಂದ ಹೆಸರಾದ ಊರು ಅದು. ಅಲಗಿನ ಉದ್ದ 3 ಇಂಚಿಗೆ ಸ್ವಲ್ಪ ಕಡಿಮೆ. ಮಡಚಿದರೆ ಸುಮಾರು 10.8 ಸೆಂಟಿಮೀಟರ್. ತೂಕ ಬರೀ 71 ಗ್ರಾಂ. ಹಿಡಿ ನೈಲಾನ್‌ದು, ಒಳಗೆ ಎರಡೂ ಕಡೆ ಉಕ್ಕಿನ ಪಟ್ಟಿ ಇದೆ. ಕೈಗೆ ತಗೊಂಡ ತಕ್ಷಣ ಪ್ಲಾಸ್ಟಿಕ್ ಆಟಿಕೆ ಅನ್ನಿಸುತ್ತದೆ. ಆದರೆ ಬೆವರಿದ ಕೈಯಲ್ಲಿ, ಫ್ರೀಜರ್‌ನಿಂದ ಆಗಷ್ಟೇ ಹೊರಬಂದ ಒದ್ದೆ ಕೈಯಲ್ಲಿ ಇದು ಜಾರುವುದಿಲ್ಲ. ಹಿಡಿಯ ಮೇಲಿನ ಗೀರುಗಳು ಒಂದೊಂದು ಕಡೆ ಒಂದೊಂದು ದಿಕ್ಕಿಗೆ ತಿರುಗಿವೆ. ಚಾಕುವನ್ನು ಮುಂದಕ್ಕೆ ಒತ್ತಿದರೂ ಹಿಂದಕ್ಕೆ ಎಳೆದರೂ ಅವು ಕೈಯನ್ನು ಹಿಡಿದುಕೊಳ್ಳುತ್ತವೆ.

ಅಲಗಿನಲ್ಲಿ ಒಂದು ದುಂಡು ತೂತು ಇದೆ. ಹೆಬ್ಬೆರಳನ್ನು ಅದರಲ್ಲಿಟ್ಟು ತಳ್ಳಿದರೆ ಒಂದೇ ಕೈಯಲ್ಲಿ ಬಿಚ್ಚಿಕೊಳ್ಳುತ್ತದೆ. ಎಡಗೈಯವರಿಗೂ ಅಷ್ಟೇ ಸಲೀಸು. 1981ರಲ್ಲಿ ಈ ಕಂಪನಿ ತನ್ನ ಮೊದಲ ಮಡಚು ಚಾಕುವಿಗೆ ಈ ತೂತನ್ನೂ ಜೇಬಿಗೆ ಸಿಕ್ಕಿಸುವ ಕ್ಲಿಪ್ಪನ್ನೂ ಕೊಟ್ಟಿತು. ಇವತ್ತು ಕ್ಲಿಪ್ ಇಲ್ಲದ ಮಡಚು ಚಾಕು ಹುಡುಕುವುದೇ ಕಷ್ಟ. ಡೆಲಿಕಾದ ಕ್ಲಿಪ್ಪನ್ನು ನಾಲ್ಕು ಜಾಗದಲ್ಲಿ ಎಲ್ಲಿ ಬೇಕಾದರೂ ಕೂರಿಸಬಹುದು. ಒಂದು ಎಚ್ಚರಿಕೆ: ಕ್ಲಿಪ್ ಜೇಬಿನಲ್ಲಿರುವಾಗ ಕಾರಿಗೆ ಒರಗಿ ನಿಂತು ಹರಟೆ ಹೊಡೆಯಬೇಡಿ. ಬಾಗಿಲಿನ ಬಣ್ಣ ಹೋಗುತ್ತದೆ. ಅದೂ ಗೆಳೆಯನ ಕಾರಾದರೆ ಕೇಳುವುದೇ ಬೇಡ.

ಮಡಚುವ ಚಾಕುವಿನಲ್ಲಿ ಎಲ್ಲಕ್ಕಿಂತ ಮುಖ್ಯ ಲಾಕ್, ಅಂದರೆ ಬಿಚ್ಚಿದ ಅಲಗು ತಾನಾಗಿ ಮಡಚಿಕೊಳ್ಳದಂತೆ ಹಿಡಿಯುವ ಭಾಗ. ಅಂಗಡಿಯವರು ಉಕ್ಕಿನ ಹೆಸರು ಹೇಳಿ ಮರುಳು ಮಾಡುತ್ತಾರೆ. ನೀವು ಲಾಕ್ ನೋಡಿ. ಇದಕ್ಕೂ ಮುಂಚೆ ನನ್ನ ಹತ್ತಿರ ಗ್ಯಾಸ್ ಸ್ಟೇಷನ್ ಕೌಂಟರ್‌ನಲ್ಲಿ ತಗೊಂಡ ಅಗ್ಗದ ಚಾಕು ಒಂದಿತ್ತು. ಕಪ್ಪು ಬಣ್ಣ, ಹಿಡಿಯ ಮೇಲೆ ತಲೆಬುರುಡೆ, 'ಟ್ಯಾಕ್ಟಿಕಲ್' ಎಂಬ ಬಿರುದು. ಅದರದ್ದು ಲೈನರ್ ಲಾಕ್. ಒಳಗಿನ ತೆಳು ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಒಳ್ಳೆಯ ಕಂಪನಿ ಮಾಡಿದರೆ ಇದೂ ಗಟ್ಟಿಯೇ. ನನ್ನದರಲ್ಲಿ ತಗಡು ಅಂಚಿಗೆ ಮಾತ್ರ ತಾಗಿ ನಿಲ್ಲುತ್ತಿತ್ತು. ದಪ್ಪ ರಟ್ಟಿನಲ್ಲಿ ಸಿಕ್ಕಿಕೊಂಡ ಅಲಗನ್ನು ಬಿಡಿಸುವಾಗ ಲಾಕ್ ಜಾರಿತು, ಅಲಗು ಮಡಚಿ ತೋರುಬೆರಳ ಮೇಲೆ ಕೂತಿತು. ಹೊಲಿಗೆ ಹಾಕಿಸಬೇಕಾಯಿತು. ಸುಮ್ನೆ ರಟ್ಟು ಕತ್ತರಿಸುವಾಗಲೇ ಹೀಗಾದರೆ, ಪ್ರಾಣಭಯದಲ್ಲಿ ಒದ್ದಾಡುವ ಕೈಯಲ್ಲಿ ಏನಾದೀತು?

ಡೆಲಿಕಾದ್ದು ಬ್ಯಾಕ್ ಲಾಕ್. ಹಿಡಿಯ ಬೆನ್ನಲ್ಲಿರುವ ಉಕ್ಕಿನ ಪಟ್ಟಿ ಅಲಗಿನ ಬುಡದ ಕಚ್ಚಿನಲ್ಲಿ ಇಳಿದು ಕೂರುತ್ತದೆ. 1964ರ ಬಕ್ 110 ಬೇಟೆಗಾರರ ಚಾಕುವಿನಿಂದ ಮನೆಮಾತಾದ ಲಾಕ್ ಇದು. ಡೆಲಿಕಾದಲ್ಲಿ ಪಟ್ಟಿಯ ಒತ್ತುವ ಜಾಗದಲ್ಲಿ ಒಂದು ತಗ್ಗು ಇದೆ. ಗಟ್ಟಿಯಾಗಿ ಮುಷ್ಟಿ ಹಿಡಿದಾಗ ಅಂಗೈ ತಾನಾಗಿ ಪಟ್ಟಿಯನ್ನು ಒತ್ತಿ ಲಾಕ್ ಬಿಟ್ಟುಹೋಗಬಾರದು ಎಂಬುದಕ್ಕೆ ಅದು. ಮುಚ್ಚುವಾಗ ನಾನು ಎರಡೂ ಕೈ ಬಳಸುತ್ತೇನೆ. ಈ ಬಗೆಯ ಲಾಕ್‌ನಲ್ಲಿ ಅಲಗು ಮೇಲೆ ಕೆಳಗೆ ಚೂರು ಅಲುಗುವುದು ಸಾಮಾನ್ಯ, ಗಾಬರಿ ಬೇಡ. ಕಚ್ಚಿನಲ್ಲಿ ರಟ್ಟಿನ ಪುಡಿ ತುಂಬಿದರೆ ಮಾತ್ರ ಲಾಕ್ ಪೂರ್ತಿ ಕೂರುವುದಿಲ್ಲ. ವಾರಕ್ಕೊಮ್ಮೆ ಹಲ್ಲುಕಡ್ಡಿ ಆಡಿಸಿ, ಒಂದು ಹನಿ ಎಣ್ಣೆ ಬಿಡಿ. ತೆಂಗಿನೆಣ್ಣೆ ಬೇಡ. ಚಳಿಗೆ ಗಟ್ಟಿಯಾಗುತ್ತದೆ, ಆಮೇಲೆ ಅಂಟಾಗುತ್ತದೆ.

ತೆಂಗಿನೆಣ್ಣೆ ಬೇಕಾಗುವುದು ಹಲಸಿನ ಕಾಲದಲ್ಲಿ. ಮೆಕ್ಸಿಕೋದಿಂದ ಹಲಸಿನಹಣ್ಣು ಬಂದಾಗ ಗಿರಾಕಿಗಳಿಗೆ ತುಂಡು ಮಾಡಿಕೊಡುವುದಕ್ಕೆ ದೊಡ್ಡ ಕತ್ತಿಯೇ ಬೇಕು. ತೊಳೆ ಬಿಡಿಸುವ ಹೊತ್ತಿಗೆ ಡೆಲಿಕಾ ಕೈಗೆ ಬರುತ್ತದೆ. ಮೊದಲೇ ಅಲಗಿಗೆ ಎಣ್ಣೆ ಸವರಿದರೆ ಮೇಣ ಹಿಡಿಯುವುದಿಲ್ಲ. ಆಮೇಲೆ ಬಿಸಿನೀರು, ಸೋಪು. ಉಕ್ಕು ವಿಜಿ-10 ಎಂಬ ಬಗೆಯದು. ಅದರಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಶೇ 15ರಷ್ಟಿದೆ. ನಿಂಬೆಹಣ್ಣು, ಮಾವಿನಕಾಯಿ ಕುಯ್ದು ಒರೆಸದೆ ಇಟ್ಟರೂ ತುಕ್ಕು ಕಂಡಿಲ್ಲ. ಹರಿತ ಚೆನ್ನಾಗಿ ನಿಲ್ಲುತ್ತದೆ. ಆದರೆ ರಟ್ಟು ಎಂಥ ಅಲಗನ್ನೂ ಮೊಂಡು ಮಾಡುತ್ತದೆ. ಕಂಪನಿಯದೇ ಶಾರ್ಪ್‌ಮೇಕರ್ ಎಂಬ ಸೆರಾಮಿಕ್ ಕಡ್ಡಿಗಳ ಸೆಟ್ ಇದೆ. ನಿಲ್ಲಿಸಿದ ಕಡ್ಡಿಗಳ ಮೇಲೆ ಅಲಗನ್ನು ನೇರವಾಗಿ ಕೆಳಕ್ಕೆ ಎಳೆದರೆ ಸಾಕು, ಕೋನದ ಲೆಕ್ಕ ಅದೇ ನೋಡಿಕೊಳ್ಳುತ್ತದೆ. ಮೊನೆ ತೆಳುವಾದದ್ದು. ಜೊತೆಗೆ ಕೆಲಸ ಮಾಡುವ ಹುಡುಗ ಇದೇ ಮೊನೆಯಿಂದ ಡಬ್ಬದ ಸ್ಟೇಪಲ್ ಪಿನ್ ಎಬ್ಬಿಸಲು ಹೋಗಿ ತುದಿ ಮುರಿದ. ಅದು ಚಾಕುವಿನ ತಪ್ಪಲ್ಲ. ಒರಟು ಕಲ್ಲಿನ ಮೇಲೆ ಬೆನ್ನು ಉಜ್ಜಿ ಹೊಸ ಮೊನೆ ಮಾಡಿಕೊಂಡೆ.

ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ಕೇಳಿ ಹುಡುಗರು, "ಹಾಗಾದ್ರೆ ಲಾಕ್ ಗಟ್ಟಿ, ಹಿಡಿ ಜಾರಲ್ಲ, ಒಂದೇ ಕೈಯಲ್ಲಿ ಬಿಚ್ಚಬಹುದು, ಸೆಲ್ಫ್ ಡಿಫೆನ್ಸ್‌ಗೆ ಇನ್ನೇನು ಬೇಕು?" ಅನ್ನುತ್ತಾರೆ. ಬೇಕಾದದ್ದು ಸಮಯ. ಅದು ಸಿಗುವುದಿಲ್ಲ. 1983ರಲ್ಲಿ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಸಾರ್ಜೆಂಟ್ ಡೆನಿಸ್ ಟ್ಯೂಲರ್ ಒಂದು ಲೆಕ್ಕ ಬರೆದರು. ಆಯುಧ ಹಿಡಿದು ನುಗ್ಗುವ ಮನುಷ್ಯ 21 ಅಡಿ ದಾಟಲು ತಗೊಳ್ಳುವುದು ಸುಮಾರು ಒಂದೂವರೆ ಸೆಕೆಂಡ್. ಸೊಂಟದಲ್ಲಿ ಪಿಸ್ತೂಲ್ ಇರುವ, ತರಬೇತಿ ಪಡೆದ ಪೊಲೀಸರಿಗೂ ಅದು ಸಾಕಾಗುವುದು ಕಷ್ಟ. ನಾವು ಜೇಬಿಗೆ ಕೈ ಹಾಕಬೇಕು, ಕ್ಲಿಪ್ ಬಿಡಿಸಬೇಕು, ತೂತಿಗೆ ಹೆಬ್ಬೆರಳು ಇಡಬೇಕು, ಅಲಗು ಲಾಕ್ ಆಗಬೇಕು. ಚಳಿಗಾಲದಲ್ಲಿ ಜಾಕೆಟ್ ಅಡ್ಡ. ಕೈಯಲ್ಲಿ ಸಾಮಾನಿನ ಬ್ಯಾಗ್ ಇದ್ದರೆ ಮುಗೀತು. ಪಾರ್ಕಿಂಗ್ ಜಾಗದಲ್ಲಿ ಮೇಲೆ ಬೀಳುವವನು 21 ಅಡಿ ದೂರದಿಂದ ಓಡಿ ಬರುವುದೂ ಇಲ್ಲ. ಟೈಮ್ ಎಷ್ಟು ಎಂದು ಕೇಳುತ್ತಾ ಪಕ್ಕದಲ್ಲೇ ನಿಂತಿರುತ್ತಾನೆ.

ಇದಕ್ಕೂ ಉಪಾಯ ಮಾಡಿದ್ದಾರೆ. ಡೆಲಿಕಾದಲ್ಲೇ ಎಮರ್ಸನ್ ಓಪನರ್ ಎಂಬ ಮಾದರಿ ಇದೆ. ಅಲಗಿನ ಬೆನ್ನಿಗೆ ಒಂದು ಕೊಕ್ಕೆ. ಜೇಬಿನಿಂದ ಎಳೆಯುವಾಗ ಅದು ಬಟ್ಟೆಗೆ ಸಿಕ್ಕಿ ಚಾಕು ತಾನೇ ಬಿಚ್ಚಿಕೊಳ್ಳುತ್ತದೆ. ಪ್ಯಾಂಟಿನ ಜೇಬು ಬಲುಬೇಗ ಹರಿಯುತ್ತದೆ ಎಂಬುದು ಚಿಕ್ಕ ಮಾತು. ಡಬ್ಬ ಬಿಚ್ಚಲು ಸುಮ್ನೆ ಹೊರಗೆ ತೆಗೆದಾಗಲೂ ಅಲಗು ಬಿಚ್ಚಿಕೊಂಡೇ ಬಂದರೆ ಪಕ್ಕದಲ್ಲಿದ್ದವರ ಗತಿ ಏನು? ಅಂಗಡಿಗೆ ಅದು ಬೇಡ. ಚಾಕುವನ್ನು ನಿಜಕ್ಕೂ ಕಲಿಯಲೇಬೇಕು ಅನ್ನುವವರು ಕಂಪನಿಯ ಕೆಂಪು ಹಿಡಿಯ ಟ್ರೇನರ್ ತಗೊಂಡು, ಗೊತ್ತಿರುವ ಗುರುವಿನ ಹತ್ತಿರ ಹೋಗಲಿ. ಅದರ ಅಲಗಿಗೆ ಹರಿತವೂ ಇಲ್ಲ, ಮೊನೆಯೂ ಇಲ್ಲ. ಅಷ್ಟು ಮಾಡದೆ ಚಾಕು ಮಾತ್ರ ಇಟ್ಟುಕೊಂಡರೆ ಬರುವುದು ಹುಸಿ ಧೈರ್ಯ. ದಾಟಿ ಹೋಗಬಹುದಾಗಿದ್ದ ಜಾಗದಲ್ಲಿ ನಿಂತು ಮಾತಿಗೆ ಮಾತು ಬೆಳೆಸುವ ಹಾಗೆ ಮಾಡುತ್ತದೆ ಅದು.

ಮತ್ತೆ, ಚಾಕು ಉಪಯೋಗಕ್ಕೆ ಬರುವುದು ಎದುರಿನವನು ಕೈಗೆ ಸಿಗುವಷ್ಟು ಹತ್ತಿರ ಬಂದಾಗ. ಅಂದರೆ ನೀವೂ ಅವನ ಕೈಗೆ ಸಿಗುತ್ತೀರಿ. ಅವನ ಹತ್ತಿರವೂ ಚಾಕು ಇದ್ದರೆ ಇಬ್ಬರಿಗೂ ಗಾಯ. ಇದು ಟೆಕ್ಸಸ್ ಬೇರೆ, ಪಿಸ್ತೂಲ್ ಇರಬಾರದು ಅಂತೇನಿಲ್ಲ. ಕಾನೂನಿನ ಕಣ್ಣಲ್ಲಿ ಮನುಷ್ಯನ ಮೇಲೆ ಚಾಕು ಬಳಸುವುದು ಪ್ರಾಣ ತೆಗೆಯಬಲ್ಲ ಬಲಪ್ರಯೋಗ. ಆ ಕ್ಷಣದಲ್ಲಿ ಅದು ಬೇಕೇ ಬೇಕಿತ್ತಾ ಎಂದು ಆಮೇಲೆ ಬೇರೆಯವರು ಕೂತು ತೀರ್ಮಾನಿಸುತ್ತಾರೆ. ಬಾಯಿಮಾತಿನಲ್ಲಿ ಕೆಣಕಿದ ಎಂಬುದಷ್ಟೇ ಕಾರಣಕ್ಕೆ ಬಲ ಬಳಸುವಂತಿಲ್ಲ ಎಂದು ಟೆಕ್ಸಸ್ ಕಾನೂನು ಸ್ಪಷ್ಟವಾಗಿ ಹೇಳುತ್ತದೆ.

ಹಾಗಾದರೆ ರಾತ್ರಿ ಅಂಗಡಿ ಮುಚ್ಚಿ ಹೊರಡುವಾಗ ನಾನೇನು ಮಾಡುತ್ತೇನೆ? ಚಾಕು ಜೇಬಿನಲ್ಲೇ ಇರುತ್ತದೆ. ಕೈಯಲ್ಲಿ ಪೆಪ್ಪರ್ ಸ್ಪ್ರೇ. ಬ್ಯಾಗಿನ ತಳದಲ್ಲಲ್ಲ, ಕೈಯಲ್ಲಿ. ಹತ್ತು ಅಡಿ ದೂರದಿಂದಲೇ ಕೆಲಸ ಮಾಡುತ್ತದೆ, ಪ್ರಾಣ ಹೋಗುವುದು ತೀರಾ ಅಪರೂಪ, ಓಡಲು ಸಮಯ ಸಿಗುತ್ತದೆ. ಸಣ್ಣ ಡಬ್ಬಿ ಟೆಕ್ಸಸ್‌ನಲ್ಲಿ ಕಾನೂನುಬದ್ಧ. ಇದಕ್ಕೂ ತೊಂದರೆ ಇಲ್ಲದಿಲ್ಲ. ಎದುರುಗಾಳಿ ಇದ್ದರೆ ನಿಮ್ಮ ಕಣ್ಣಿಗೇ ಬರುತ್ತದೆ. ಡಬ್ಬಿಗೆ ಅವಧಿ ಇದೆ, ತಳದಲ್ಲಿರುವ ತಾರೀಕು ನೋಡಿ ಬದಲಾಯಿಸಬೇಕು. ಇಲ್ಲಿನ ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟರೆ ಸೋರಬಹುದು, ಸಿಡಿಯಲೂಬಹುದು. ಬರೀ ನೀರು ತುಂಬಿದ ಅಭ್ಯಾಸದ ಡಬ್ಬಿ ಸಿಗುತ್ತದೆ, ಹಿತ್ತಲಲ್ಲಿ ಒಮ್ಮೆ ಹೊಡೆದು ನೋಡಿ. ಅಂಗಡಿ ಮುಚ್ಚುವಾಗ ಇಬ್ಬರು ಇರಲೇಬೇಕು ಎಂಬುದು ನಮ್ಮ ಮಾಲೀಕರ ನಿಯಮ. ಯಾರಾದರೂ ಹೆದರಿಸಿ ಗಲ್ಲಾದ ದುಡ್ಡು ಕೇಳಿದರೆ ಕೊಟ್ಟುಬಿಡಿ ಎಂಬುದು ಇನ್ನೊಂದು. ನನ್ನ ಮಟ್ಟಿಗೆ ಇವೆರಡೂ ಯಾವ ಚಾಕುವಿಗಿಂತಲೂ ಜಾಸ್ತಿ ಬಾಳುತ್ತವೆ.

ಕೊಳ್ಳುವ ಮುಂಚೆ ನೀವಿರುವ ಜಾಗದ ಕಾನೂನು ಓದಿ. ಟೆಕ್ಸಸ್‌ನಲ್ಲಿ 2017ರ ಸೆಪ್ಟೆಂಬರ್‌ನಿಂದ ವಯಸ್ಕರು ಐದೂವರೆ ಇಂಚಿಗಿಂತ ಉದ್ದದ ಚಾಕುವನ್ನೂ ಇಟ್ಟುಕೊಳ್ಳಬಹುದು, ಶಾಲೆಯಂಥ ಕೆಲವು ಜಾಗ ಬಿಟ್ಟು. ಡೆಲಿಕಾ ಆ ಅಳತೆಯ ಹತ್ತಿರವೂ ಬರುವುದಿಲ್ಲ. ಆದರೆ ಯೂನಿವರ್ಸಿಟಿ, ಹಾಸ್ಟೆಲ್‌ಗಳಿಗೆ ಅವುಗಳದ್ದೇ ನಿಯಮ ಇರಬಹುದು, ಕೇಳಿ ತಿಳಿದುಕೊಳ್ಳಿ. ರಾಜ್ಯ ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಅಕ್ಕನ ಮಗ ಓದಲು ಇಂಗ್ಲೆಂಡಿಗೆ ಹೊರಟಾಗ ಇದೇ ಚಾಕು ಕೊಡಿಸು ಮಾಮಾ ಅಂದ. ಆಗಲ್ಲ ಅಂದೆ. ಅಲ್ಲಿ ಕಾರಣವಿಲ್ಲದೆ ಹೊರಗೆ ಒಯ್ಯಬಹುದಾದದ್ದು 3 ಇಂಚಿನೊಳಗಿನ, ಲಾಕ್ ಇಲ್ಲದ ಮಡಚು ಚಾಕು ಮಾತ್ರ. ಆತ್ಮರಕ್ಷಣೆಗೆ ಇಟ್ಟುಕೊಂಡಿದ್ದೇನೆ ಎಂದು ಪೊಲೀಸರಿಗೆ ಹೇಳಿದರೆ ಅದೂ ಆಯುಧವಾಗಿಬಿಡುತ್ತದೆ. ಪೆಪ್ಪರ್ ಸ್ಪ್ರೇ ಅಲ್ಲಿ ನಿಷೇಧ. ಅವನಿಗೆ ಜೋರು ಸದ್ದಿನ ಅಲಾರಂ ಕೊಡಿಸಿದೆ. ಮುಖ ಸಪ್ಪೆ ಮಾಡಿಕೊಂಡೇ ತಗೊಂಡ.

ಊರಿಗೆ ಹೋಗುವಾಗ ಡೆಲಿಕಾ ಚೆಕ್-ಇನ್ ಸೂಟ್‌ಕೇಸಿನಲ್ಲಿ ಬರುತ್ತದೆ, ಕೈಚೀಲದಲ್ಲಿ ಬಿಡುವುದಿಲ್ಲ. ನಮ್ಮಲ್ಲಿ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳು. ಮನೆಗೆಲಸ, ಬೇಸಾಯದವು ಅದರಲ್ಲಿ ಸೇರುವುದಿಲ್ಲ. ಅಷ್ಟಕ್ಕೇ ಖುಷಿಪಡಬೇಡಿ. ಚಾಕುವಿನಿಂದ ಯಾರಿಗಾದರೂ ಗಾಯವಾದರೆ ಅಲಗು ಎಷ್ಟೇ ಚಿಕ್ಕದಿದ್ದರೂ ಕೇಸು ಕೇಸೇ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ, ಆದರೆ ಅಗತ್ಯಕ್ಕಿಂತ ಜಾಸ್ತಿ ಬಲ ಬಳಸುವಂತಿಲ್ಲ. ಬೆಂಗಳೂರಿನಲ್ಲಿ ಮೆಟ್ರೊ ಹತ್ತುವ ದಿನ ನಾನು ಇದನ್ನು ಮನೆಯಲ್ಲೇ ಇಡುತ್ತೇನೆ. ಅಮ್ಮ ಅದನ್ನು ಹುರುಳಿಕಾಯಿಗೆ ಬಳಸಿ ನೋಡಿ, ಈಳಿಗೆಮಣೆಯೇ ವಾಸಿ ಅಂದರು.

ಇಷ್ಟೆಲ್ಲ ಆದ ಮೇಲೂ ಕತ್ತರಿಸುವ ಕೆಲಸಕ್ಕೆ ಡೆಲಿಕಾ ಬೇಕು ಅನ್ನಿಸಿದರೆ ಧೈರ್ಯವಾಗಿ ಕೊಳ್ಳಿ. ಬೆಲೆ ನೂರು ಡಾಲರ್ ಆಸುಪಾಸು. ಜಾಸ್ತಿಯೇ. ಆದರೆ ನಕಲಿಗಳೂ ಜಾಸ್ತಿ, ಅರ್ಧ ಬೆಲೆಗೆ ಸಿಕ್ಕಿತು ಅಂದರೆ ಅನುಮಾನ ಪಡಿ. ಯಾವುದೇ ಮಡಚು ಚಾಕು ಕೊಂಡರೂ ಮೊದಲು ಬೆರಳನ್ನು ಅಲಗಿನ ದಾರಿಯಿಂದ ದೂರವಿಟ್ಟು, ಬಿಚ್ಚಿದ ಅಲಗಿನ ಬೆನ್ನನ್ನು ಮರದ ಮೇಲೆ ಮೆಲ್ಲಗೆ ತಟ್ಟಿ ನೋಡಿ. ಲಾಕ್ ಬಿಟ್ಟರೆ ಅವತ್ತೇ ವಾಪಸ್ ಮಾಡಿ. ಗರಗಸದ ಹಲ್ಲಿನ ಅಲಗು ಬೇಡ, ಮಸೆಯುವುದು ತಲೆನೋವು. ಹಿಡಿ ಕಪ್ಪಿಗಿಂತ ನೀಲಿ, ಕಿತ್ತಳೆ ಬಣ್ಣದ್ದು ಒಳ್ಳೆಯದು. ಪ್ಯಾಲೆಟ್‌ಗಳ ನಡುವೆ ಬಿದ್ದರೆ ಬೇಗ ಕಾಣುತ್ತದೆ, ಗಿರಾಕಿಗಳ ಮುಂದೆ ಹೊರಗೆ ತೆಗೆದರೂ ಯಾರೂ ಹೆದರುವುದಿಲ್ಲ.